ಮೇಲಿನವರು ಸದ್ದಿಲ್ಲದೆ ಸ್ನಾನ ಮಾಡಬೇಕಂತೆ!

ಪಿಜಿಯಲ್ಲಿ ಇರೋರಿಗೆ ಈ ಬೋರ್ಡು ಹೊಸದೇನಲ್ಲ: ‘ರಾತ್ರಿ 10ರ ನಂತರ ಸ್ನಾನ ಮಾಡುವಂತಿಲ್ಲ.’ ಯಾಕೆ ಅಂತ ಕೇಳಿದ್ರೆ, ಕೆಳಗಿನ ಮನೆಯವರು ಕಂಪ್ಲೇಂಟ್ ಮಾಡ್ತಾರೆ ಅನ್ನೋ ಉತ್ತರ. ಕೆಳಗಿನವರದ್ದು ತಪ್ಪಿಲ್ಲ. ತಲೆ ಮೇಲೆ ಬಕೆಟ್ ಎಳೆಯೋ ಸದ್ದಿಗೆ ಯಾರಿಗೆ ತಾನೆ ನಿದ್ದೆ ಬರತ್ತೆ? ಮೇಲಿನವರದ್ದೂ ತಪ್ಪಿಲ್ಲ. ಸೆಕೆಂಡ್ ಶಿಫ್ಟ್ ಮುಗಿಸಿ ಬೆವೆತು ಬಂದವನು ಹಾಗೇ ಮಲಗಬೇಕಾ? ನನ್ನ ಪ್ರಕಾರ ಈ ಜಗಳ ಮನುಷ್ಯರದ್ದಲ್ಲ, ನೆಲದ್ದು. ಆ ನೆಲ ಸರಿ ಮಾಡಿಸಬೇಕಾದ್ದು ಓನರ್ ಕೆಲಸ.

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಒಂದು ಸಂಸಾರಕ್ಕೆ ಅಂತ ಕಟ್ಟಿದ ಎಷ್ಟೋ ಮನೆಗಳು ಈಗ ನಾಲ್ಕೈದು ಪೋರ್ಷನ್ ಆಗಿವೆ, ಇಲ್ಲಾ ಪಿಜಿ ಆಗಿವೆ. ರೂಮಿಗೊಂದು ಅಟ್ಯಾಚ್ಡ್ ಬಾತ್‌ರೂಮ್ ಇದ್ರೆ ಬಾಡಿಗೆ ಜಾಸ್ತಿ ಸಿಗತ್ತಲ್ಲ, ಹಾಗಾಗಿ ಬೆಡ್‌ರೂಮಿನ ಮೂಲೆಯಲ್ಲಿ ಗೋಡೆ ಎಬ್ಬಿಸಿ ಬಾತ್‌ರೂಮ್ ಮಾಡ್ತಾರೆ. ಅದರ ಕೆಳಗೆ ಇರೋದು ಬಚ್ಚಲಲ್ಲ, ಇನ್ಯಾರದೋ ಮಂಚ.

ಇಲ್ಲಿ ಸ್ವಲ್ಪ ಫಿಸಿಕ್ಸ್ ಬೇಕು. ಸದ್ದು ಎರಡು ಥರ ಇಳಿಯತ್ತೆ. ಒಂದು, ಗಾಳಿಯಲ್ಲಿ ಬರೋದು: ಮಾತು, ಹಾಡು. ಇದನ್ನು ತಡೆಯೋದು ತೂಕ. 125 ಮಿ.ಮೀ. ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 300 ಕೆಜಿ ತೂಗತ್ತೆ, ಹಾಗಾಗಿ ಮೇಲಿನವರ ಬಾತ್‌ರೂಮ್ ಹಾಡು ನಮಗೆ ಅಷ್ಟಾಗಿ ಕೇಳಲ್ಲ. ಎರಡನೆಯದು, ಬಡಿತದ ಸದ್ದು: ಬಕೆಟ್ ಇಡೋದು, ಸ್ಟೂಲ್ ಎಳೆಯೋದು, ನೆಲಕ್ಕೆ ನೀರು ಬೀಳೋದು. ಆಗ ಸ್ಲ್ಯಾಬೇ ಅದುರತ್ತೆ. ಜೊತೆಗೆ ಸ್ಲ್ಯಾಬ್ ಕೊರೆದು ಇಳಿಸಿದ ಪೈಪಿನ ಸುತ್ತ ಸಿಮೆಂಟ್ ಮೆತ್ತಿದ್ರೆ ಪೈಪಿನ ಸದ್ದೂ ಸ್ಲ್ಯಾಬಿಗೆ ಸೇರ್ಕೊಳ್ಳತ್ತೆ.

ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ಮರದ ತೊಲೆಗಳ ಮಧ್ಯೆ ಮಿನರಲ್ ವೂಲ್ ತುಂಬಿ ಅಂತ ಹೇಳ್ತಾರೆ. ಅದು ಲಂಡನ್ನಿನ ಹಳೇ ಮನೆಗಳ ಮರದ ನೆಲಕ್ಕೆ ಸರಿ. ನಮ್ಮ ಕಾಂಕ್ರೀಟಿನಲ್ಲಿ ತೊಲೆ ಎಲ್ಲಿದೆ? ಇನ್ನು ಕೆಳಗಿನವರು ಸೀಲಿಂಗಿಗೆ ಫೋಮ್ ಅಂಟಿಸಿದ್ರೆ ಅವರ ರೂಮಿನ ಪ್ರತಿಧ್ವನಿ ಕಮ್ಮಿ ಆಗತ್ತೆ, ಅಷ್ಟೇ. ಫಾಲ್ಸ್ ಸೀಲಿಂಗ್ ಒಂದಿಷ್ಟು ಸಹಾಯ ಮಾಡಬಹುದು, ಆದರೆ ಅದುರು ಗೋಡೆಗಳ ಮೂಲಕವೂ ಇಳಿಯತ್ತೆ.

ಸರಿಯಾದ ಕೆಲಸ ಮೇಲಿಂದಲೇ ಆಗಬೇಕು. ಸ್ಲ್ಯಾಬಿನ ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ ರಬ್ಬರ್ ಮ್ಯಾಟು, ಅದರ ಮೇಲೆ ಸುಮಾರು 50 ಮಿ.ಮೀ. ಸಿಮೆಂಟ್ ಹಾಸು, ನೀರು ಹರಿಯೋಕೆ ಇಳಿಜಾರು, ಮತ್ತೆ ವಾಟರ್‌ಪ್ರೂಫಿಂಗ್, ಆಮೇಲೆ ಟೈಲ್ಸ್. ಮುಖ್ಯ ವಿಷಯ: ಈ ಹಾಸು ಗೋಡೆಗೆ ತಾಗಬಾರದು. ನಾಲ್ಕೂ ಕಡೆ ಫೋಮ್ ಪಟ್ಟಿ ಇಡಬೇಕು. ಒಂದು ಕಡೆ ಸಿಮೆಂಟ್ ಗೋಡೆಗೆ ಅಂಟಿದ್ರೂ ಸದ್ದಿಗೆ ಅದೇ ಸೇತುವೆ. ಪೈಪ್ ಇಳಿಯೋ ಕಡೆಯೂ ಫೋಮ್ ಸುತ್ತಬೇಕು. ಆ ಹಾಸಿನಿಂದ ಚದರ ಮೀಟರಿಗೆ ಸುಮಾರು 100 ಕೆಜಿ ಭಾರ ಏರತ್ತೆ, ಆದ್ದರಿಂದ ಹಳೇ ಮನೆಯಾದ್ರೆ, ಅದರಲ್ಲೂ ಮದ್ರಾಸ್ ತಾರಸಿಯಾದ್ರೆ, ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ನೋಡಲೇಬೇಕು.

ಖರ್ಚು ಯಾರು ಕೊಡ್ತಾರೆ, ಬಾಡಿಗೆ ಏರಿಸ್ತಾರಲ್ವಾ ಅಂತ ನೀವು ಕೇಳಬಹುದು. ಬಾತ್‌ರೂಮ್ ಕಟ್ಟುವಾಗ ನೆಲ ಹೇಗೂ ತೆರೆದೇ ಇರತ್ತೆ, ಮೇಸ್ತ್ರಿ, ಪ್ಲಂಬರ್ ಇಬ್ಬರೂ ಅಲ್ಲೇ ಇರ್ತಾರೆ. ಆಗ ಹೆಚ್ಚುವರಿ ಅಂದ್ರೆ ಮ್ಯಾಟು, ಪಟ್ಟಿ, ಒಂದಿಷ್ಟು ಕೂಲಿ. ಆಮೇಲೆ ಮಾಡಿಸ್ತೀನಿ ಅಂದ್ರೆ ಟೈಲ್ಸ್ ಒಡೆಯೋದರಿಂದ ಶುರು. ಅದಕ್ಕೇ ಇದನ್ನು ಓನರ್‌ಗಳ ಒಳ್ಳೆಯತನಕ್ಕೆ ಬಿಡಬಾರದು, ನಿಯಮ ಬೇಕು.

ಇಂಗ್ಲೆಂಡಿನಲ್ಲಿ 2003ರ ನಿಯಮದ ಪ್ರಕಾರ ಹಳೇ ಮನೆಯನ್ನು ಫ್ಲಾಟ್‌ಗಳಾಗಿ ಮಾಡಿದ್ರೆ ಮಧ್ಯದ ನೆಲ ಗಾಳಿಯ ಸದ್ದನ್ನು ಕನಿಷ್ಠ 43 ಡೆಸಿಬೆಲ್ ತಡೀಬೇಕು, ಬಡಿತದ ಸದ್ದು 64 ಡೆಸಿಬೆಲ್ ದಾಟಬಾರದು. ಅಳೆಯೋ ಯಂತ್ರವೂ ಮಜವಾಗಿದೆ: ತಲಾ 500 ಗ್ರಾಂನ ಐದು ಸುತ್ತಿಗೆಗಳು 40 ಮಿ.ಮೀ. ಎತ್ತರದಿಂದ, ಸೆಕೆಂಡಿಗೆ 10 ಸಲ ನೆಲ ಕುಟ್ಟುತ್ವೆ. ನಮ್ಮಲ್ಲೂ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 8ನೇ ಭಾಗದಲ್ಲಿ ಸದ್ದು ತಡೆಯೋದರ ಬಗ್ಗೆ ಒಂದು ವಿಭಾಗವೇ ಇದೆ. ಆದರೆ ಸಂಹಿತೆ ಬರೀ ಶಿಫಾರಸು. ರಾಜ್ಯ ಸರ್ಕಾರಗಳು, ಸ್ಥಳೀಯ ಸಂಸ್ಥೆಗಳು ತಮ್ಮ ನಿಯಮಕ್ಕೆ ಸೇರಿಸಿಕೊಂಡ್ರೆ ಮಾತ್ರ ಅದಕ್ಕೆ ಬೆಲೆ.

ಅಲ್ಲೀವರೆಗೆ ಬಕೆಟ್ ಕೆಳಗೆ ರಬ್ಬರ್ ಮ್ಯಾಟ್ ಹಾಕಿ, ಸ್ಟೂಲ್ ಕಾಲಿಗೆ ಬುಷ್ ಹಾಕಿ, ನಲ್ಲಿಗೆ ಒಂದು ಪೈಪ್ ತುಂಡು ಸಿಕ್ಕಿಸಿ ಬಕೆಟ್ ತಳಕ್ಕೆ ಇಳಿಬಿಡಿ. ಇದೆಲ್ಲ ಬರೀ ಫಸ್ಟ್ ಏಡ್. ಮುಂದಿನ ಸಲ ಪಿಜಿ ನೋಡೋಕೆ ಹೋದಾಗ ವೈಫೈ ಸ್ಪೀಡ್ ಕೇಳೋ ಜೊತೆಗೆ, ಮೇಲಿನ ಬಾತ್‌ರೂಮಲ್ಲಿ ಒಂದು ತುಂಬಿದ ಬಕೆಟ್ ಎಳೆಯೋಕೆ ಹೇಳಿ, ನೀವು ಕೆಳಗೆ ನಿಂತು ಕೇಳಿ. ಸಿವಿಲ್‌ನವರೇ, ನಾಳೆ ಇಂಥ ಮನೆಗಳಿಗೆ ಪ್ಲ್ಯಾನ್ ಹಾಕೋರು ನೀವೇ. ಡ್ರಾಯಿಂಗ್‌ನಲ್ಲಿ ಆ ರಬ್ಬರ್ ಮ್ಯಾಟಿಗೂ ಒಂದು ಗೆರೆ ಎಳೀರಿ.