ರೆಕ್ಕೆ ಜೋಡಿಸಿದ ಕೈಗಳ ಹೆಸರೆಲ್ಲಿ?

ಎರಡನೆಯ ಮಹಾಯುದ್ಧ ಮುಗಿದು ಎಂಬತ್ತು ವರ್ಷ ದಾಟಿತು. ಆ ಯುದ್ಧದ ವಿಮಾನಗಳನ್ನು ಮಾತ್ರ ಧನಿಕ ದೇಶಗಳು ಇಂದಿಗೂ ಒರಸಿ, ಬಣ್ಣ ಬಳಿದು, ಮ್ಯೂಸಿಯಂಗಳಲ್ಲಿ ಮೆರೆಸುತ್ತಿವೆ. ಹಳೆಯ ಯಂತ್ರವನ್ನು ಕಾಪಾಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಯಂತ್ರದ ಜೊತೆಯಲ್ಲೇ ಬಾಳು ಸವೆಸುವವರು ನಾವು. ಅದರ ಬೆಲೆ ನಮಗೆ ಗೊತ್ತು. ನಮ್ಮ ತಕರಾರು ಬೇರೆ. ಯಂತ್ರವನ್ನು ಉಳಿಸಿ, ಅದಕ್ಕೆ ಜೀವ ಕೊಟ್ಟ ಮನುಷ್ಯನನ್ನು ಮರೆಸುವುದು ಯಾವ ನ್ಯಾಯ?

ಲಿಬರೇಟರ್ ಎಂಬ ಬಾಂಬರ್ ವಿಮಾನದ ಕಥೆಯನ್ನೇ ನೋಡಿ. ಲಿಬರೇಟರ್ ಎಂದರೆ ವಿಮೋಚಕ! ನಾಲ್ಕು ಎಂಜಿನ್ನುಗಳ ಈ ವಿಮಾನವನ್ನು ಅಮೆರಿಕ 18,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿತು. ದಾಸ್ಯದಲ್ಲಿದ್ದ ನಮ್ಮ ನೆಲದಿಂದಲೇ ಬ್ರಿಟಿಷರು ಅದನ್ನು ಬರ್ಮದ ಮೇಲೆ ಹಾರಿಸಿದರು. 1945ರಲ್ಲಿ ಯುದ್ಧ ಮುಗಿಯಿತು. ಎರವಲು ತಂದ ವಿಮಾನಗಳನ್ನು ಹಿಂದಿರುಗಿಸಬೇಕು, ಇಲ್ಲವೇ ನಾಶಮಾಡಬೇಕು ಎಂಬುದು ಅಮೆರಿಕದೊಡನೆ ಆಗಿದ್ದ ಕರಾರು. ಬ್ರಿಟಿಷ್ ವಾಯುಪಡೆ ಅವುಗಳನ್ನು ಮತ್ತೆ ಹಾರದಂತೆ ಕೆಡಿಸಿ, ಕಾನ್ಪುರದ ಚಕೇರಿ ನಿಲ್ದಾಣದಲ್ಲಿ ಗುಜರಿಯಾಗಿ ಬಿಟ್ಟು ಹೋಯಿತು.

1948ರಲ್ಲಿ ಸ್ವತಂತ್ರ ಭಾರತಕ್ಕೆ ಬಾಂಬರುಗಳು ಬೇಕಾದವು. ಆಗ ಕಾನ್ಪುರಕ್ಕೆ ಹೋದವರು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಕೆಲಸಗಾರರು. ಆ ಹಾಳು ರಾಶಿಯ ನಡುವೆ ನಿಂತು, ಕೆಟ್ಟದ್ದನ್ನು ಕಿತ್ತು, ಒಳ್ಳೆಯದನ್ನು ಜೋಡಿಸಿ, ಬೆಂಗಳೂರಿನವರೆಗೆ ಹಾರುವಷ್ಟು ಸರಿಪಡಿಸಿದರು. ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿಯವರು ಪ್ರಾಣದ ಹಂಗು ತೊರೆದು ಅವನ್ನು ಹಾರಿಸಿ ತಂದರು. ಹೀಗೆ ನಲವತ್ತರ ಆಸುಪಾಸು ವಿಮಾನಗಳಿಗೆ ಮರುಜೀವ ಬಂತು. 1968ರವರೆಗೆ, ಇಪ್ಪತ್ತು ವರ್ಷ, ಅವು ಭಾರತದ ವಾಯುಪಡೆಯಲ್ಲಿ ದುಡಿದವು. ಮುನ್ಷಿಯವರ ಹೆಸರು ಉಳಿದಿದೆ, ಉಳಿಯಲೇಬೇಕು. ಆದರೆ ಆ ಫಿಟ್ಟರುಗಳ ಹೆಸರು, ತಗಡು ಬಡಿದವರ ಹೆಸರು, ಎಂಜಿನ್ನಿನ ಎಣ್ಣೆಯಲ್ಲಿ ಮೈ ಕಪ್ಪು ಮಾಡಿಕೊಂಡವರ ಹೆಸರು ಯಾರ ಬಾಯಲ್ಲಿದೆ?

ಮುಂದಿನದನ್ನು ಕೇಳಿ. ತಾವು ಬಿಸಾಡಿದ ಜಾತಿಯ ವಿಮಾನ ಭಾರತದಲ್ಲಿ ಇನ್ನೂ ಹಾರುವ ಸ್ಥಿತಿಯಲ್ಲಿದೆ ಎಂಬುದು ಪಶ್ಚಿಮದವರಿಗೆ ಆಗ ನೆನಪಾಯಿತು. 1968ರಲ್ಲಿ ಕೆನಡಾ ಒಂದು ಲೈಸಾಂಡರ್ ವಿಮಾನ ಕೊಟ್ಟು ಒಂದು ಲಿಬರೇಟರ್ ಪಡೆಯಿತು. 1974ರಲ್ಲಿ ಬ್ರಿಟನ್ನಿನ ವಾಯುಪಡೆಯ ಮ್ಯೂಸಿಯಂಗೆ ಒಂದು ಹೋಯಿತು. ಅಮೆರಿಕಕ್ಕೂ ಹೋದವು. ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ಲಿಬರೇಟರುಗಳಲ್ಲಿ ಹಲವು ಹೀಗೆ ನಮ್ಮವರ ಕೈಯಲ್ಲಿ ಬದುಕಿದವು. ಅಮೆರಿಕಕ್ಕೆ ಹೋದ ಒಂದರ ಮೈಮೇಲೆ 2005ರಲ್ಲಿ ‘ವಿಚ್‌ಕ್ರಾಫ್ಟ್’ ಎಂದು ಬರೆದರು. ಅದು ಇಂಗ್ಲೆಂಡಿನಿಂದ 130 ಬಾರಿ ದಾಳಿಗೆ ಹೋಗಿದ್ದ ಬೇರೊಂದು ವಿಮಾನದ ಹೆಸರು! ಭಾರತದಲ್ಲಿ ದುಡಿದ ಇಪ್ಪತ್ತು ವರ್ಷ ಆ ಬಣ್ಣದ ಅಡಿಗೆ ಹೋಯಿತು.

ಗುಜರಿ ಅಂಗಡಿಯ ನಮ್ಮ ವ್ಯಾಪಾರಿ ಬಾಂಧವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಧಣಿ ಎಸೆದದ್ದನ್ನು ಬಡವ ಬದುಕಿಸುತ್ತಾನೆ. ಬದುಕಿದ ಮೇಲೆ ಅದು ಮತ್ತೆ ಧಣಿಯ ಅಂಗಳದ ಶೋಭೆ.

ಬಾಂಬಿನ ಕೆಳಗಿದ್ದವರೂ ದುಡಿಯುವ ಜನರೇ. ಲಿಬರೇಟರುಗಳು ಬಾಂಬು ಸುರಿದ ಬರ್ಮ–ಸಯಾಂ ರೈಲುದಾರಿಯನ್ನು ಹಾಕಿದವರು ಯಾರು? ಜಪಾನಿನ ಸೈನ್ಯ ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳು, ಬರ್ಮದ ಬಡವರು, ಯುದ್ಧಕೈದಿಗಳು. ಹಸಿವು ಕಾಲರಾಗಳಿಂದ ಅವರು ಸಾವಿರ ಸಾವಿರವಾಗಿ ಸತ್ತರು. ಒಂದು ಸಾಮ್ರಾಜ್ಯ ಅವರಿಂದ ಹಳಿ ಹಾಕಿಸಿತು. ಇನ್ನೊಂದು ಅದೇ ಹಳಿಯ ಮೇಲೆ ಬಾಂಬು ಹಾಕಿತು.

‘ಮ್ಯೂಸಿಯಂನಲ್ಲಿ ರಾಜಕೀಯ ಬೇಡ’ ಎನ್ನುವ ಮಹನೀಯರಿದ್ದಾರೆ. ರಾಜಕೀಯ ತಂದವರು ಯಾರು ಸ್ವಾಮಿ? 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಹಾಕಿದ ‘ಎನೋಲಾ ಗೇ’ ವಿಮಾನದ ಜೊತೆಗೆ, ಬಾಂಬಿಗೆ ಸಿಕ್ಕ ಜನರ ಪಾಡನ್ನೂ ತೋರಿಸಲು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂ ಹೊರಟಿತ್ತು. ಮಾಜಿ ಸೈನಿಕರ ಸಂಘ, ವಾಯುಪಡೆಯ ಅಭಿಮಾನಿಗಳ ಸಂಘ, ಅಮೆರಿಕದ ಶಾಸನಸಭೆಯ ಸದಸ್ಯರು ಎಲ್ಲರೂ ಮೇಲೆ ಬಿದ್ದರು. 1995ರ ಜನವರಿಯಲ್ಲಿ ಆ ಪ್ರದರ್ಶನ ರದ್ದಾಯಿತು. ಮೇ ತಿಂಗಳಲ್ಲಿ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. ಹೊಳೆಯುವ ಲೋಹ ಮಾತ್ರ ಉಳಿಯಿತು. ಸತ್ತವರನ್ನು ಮುಚ್ಚಿಡುವುದು ರಾಜಕೀಯವಲ್ಲವೆ? ಅವರನ್ನು ನೆನೆಯುವುದಷ್ಟೇ ರಾಜಕೀಯವೆ?

ನಮ್ಮ ಕೇಳಿಕೆ ಮೂರು. ಲಿಬರೇಟರ್ ನಿಂತಿರುವ ಕಡೆಯಲ್ಲೆಲ್ಲ ಬೆಂಗಳೂರಿನ ಕೆಲಸಗಾರರ ಕಥೆ ದೊಡ್ಡ ಅಕ್ಷರದಲ್ಲಿರಲಿ. ಬಾಂಬು ಬಿದ್ದ ಊರುಗಳ ಜನರ ಮಾತು ಅದರ ಪಕ್ಕದಲ್ಲಿರಲಿ. ಮೂರನೆಯದು ನಮ್ಮ ಮನೆಯದೇ ಕೆಲಸ. ಕಾನ್ಪುರಕ್ಕೆ ಹೋದವರ ಮಕ್ಕಳು ಮೊಮ್ಮಕ್ಕಳ ಮನೆಗಳಲ್ಲಿ ಹಳೆಯ ಹಾಜರಿ ಚೀಟಿ, ಫೋಟೋ, ಕಾಗದ ಇದ್ದೀತು. ಕಾರ್ಮಿಕ ಸಂಘಗಳು ಮನೆಮನೆಗೆ ಹೋಗಿ ಅವನ್ನು ಕೂಡಿಸಲಿ, ಹೆಸರುಗಳನ್ನು ಬರೆದಿಡಲಿ. ಧಣಿಗಳು ಬರೆದಾರೆಂದು ಕಾಯುತ್ತ ಕುಳಿತರೆ ಆ ಕಾಗದಗಳೂ ಗುಜರಿಗೆ ಹೋದಾವು.