ಏಳು ಪೌಂಡಿನ ಪುಣ್ಯ

ಅಳಿಸುವ ಸಿನಿಮಾಗಳ ಬಗ್ಗೆ ನಮಗೆ ಮೊದಲಿನಿಂದಲೂ ಅನುಮಾನ. ಎರಡು ಗಂಟೆ ಅತ್ತವನು ತಾನು ಒಳ್ಳೆಯವನೆಂದು ನಂಬಿಕೊಂಡು ಮನೆಗೆ ಹೋಗುತ್ತಾನೆ. ಅಳಿಸಿದವನಿಗೆ ಕಾಸು, ಅತ್ತವನಿಗೆ ಪುಣ್ಯ. ಲೋಕ ಮಾತ್ರ ಇದ್ದ ಹಾಗೇ ಇರುತ್ತದೆ.

2008ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಸೆವೆನ್ ಪೌಂಡ್ಸ್’ ಇಂಥದೇ ಒಂದು ಚಿತ್ರ. ಗ್ಯಾಬ್ರಿಯೆಲೆ ಮುಚ್ಚಿನೊ ನಿರ್ದೇಶಕ, ವಿಲ್ ಸ್ಮಿತ್ ನಾಯಕ. ಟಿಮ್ ಎಂಬ ಇಂಜಿನಿಯರು ಕಾರು ಓಡಿಸುತ್ತಾ ಫೋನು ನೋಡಿ ಅಪಘಾತ ಮಾಡುತ್ತಾನೆ. ಏಳು ಜನ ಸಾಯುತ್ತಾರೆ, ಅವನ ಸಂಗಾತಿಯೂ ಸೇರಿ. ಆ ಏಳು ಜೀವಕ್ಕೆ ಬದಲು ಏಳು ಜನರನ್ನು ಉದ್ಧರಿಸಲು ಅವನು ಹೊರಡುತ್ತಾನೆ. ಒಡಹುಟ್ಟಿದವನಿಗೆ ಶ್ವಾಸಕೋಶದ ತುಂಡು. ಒಬ್ಬ ಹೆಂಗಸಿಗೆ ಯಕೃತ್ತಿನ ಭಾಗ, ಆಟ ಕಲಿಸುವ ಒಬ್ಬನಿಗೆ ಕಿಡ್ನಿ, ಒಬ್ಬ ಹುಡುಗನಿಗೆ ಅಸ್ಥಿಮಜ್ಜೆ, ಹೊಡೆತ ತಿಂದ ತಾಯಿಗೆ ತನ್ನ ಮನೆ. ಕಡೆಗೆ ತಾನೇ ಪ್ರಾಣ ಕಳೆದುಕೊಂಡು ಕುರುಡ ಎಜ್ರಾನಿಗೆ ಕಣ್ಣು, ಎಮಿಲಿಗೆ ಹೃದಯ.

ನಮ್ಮ ತಕರಾರು ಕೊಡುವುದರ ಮೇಲಲ್ಲ. 2006ರಲ್ಲಿ ರಾಜಕುಮಾರ್, 2021ರಲ್ಲಿ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಅದನ್ನು ಕಂಡು ಎಷ್ಟೋ ಹುಡುಗರು ತಮ್ಮ ಹೆಸರನ್ನೂ ಬರೆಸಿದರು. ಕಣ್ಣಿನ ಬ್ಯಾಂಕಿಗೆ ಹೋದ ಕಣ್ಣು ಪಡೆಯುವವನ ಜಾತಿ ಕೇಳುವುದಿಲ್ಲ, ನಡತೆ ಕೇಳುವುದಿಲ್ಲ. ಅಂಥ ಕೊಡುವಿಕೆಗೆ ನಾವು ಕೈಮುಗಿಯುತ್ತೇವೆ.

ಟಿಮ್ ಕೊಡುವುದು ಹಾಗಲ್ಲ. ಒಡಹುಟ್ಟಿದವನ ತೆರಿಗೆ ಇಲಾಖೆಯ ಗುರುತುಚೀಟಿ ಕದ್ದು ಅವನು ಜನರ ಬದುಕಿನೊಳಗೆ ನುಗ್ಗುತ್ತಾನೆ. ಕುರುಡ ಎಜ್ರಾ ಫೋನಿನಲ್ಲಿ ಮಾಂಸ ಮಾರುವ ಕೂಲಿ. ಅವನಿಗೆ ಫೋನು ಮಾಡಿ ಅವನ ಕುರುಡುತನವನ್ನೇ ಎತ್ತಿ ಬಾಯಿಗೆ ಬಂದಂತೆ ಬಯ್ಯುತ್ತಾನೆ. ಎಜ್ರಾ ತಿರುಗಿ ಬಯ್ಯುವುದಿಲ್ಲ. ಸರಿ, ಇವನು ಯೋಗ್ಯ! ತಿರುಗಿ ಬಯ್ದಿದ್ದರೆ? ಕಣ್ಣು ಬೇರೆಯವನಿಗೆ ಹೋಗುತ್ತಿತ್ತೇನೋ.

ಗೆಳೆಯರೆ, ಈ ಪರೀಕ್ಷೆ ನಮಗೆ ಹೊಸದಲ್ಲ. ಅಪಾತ್ರನಿಗೆ ದಾನ ಕೊಡಬೇಡ ಎಂದು ಶಾಸ್ತ್ರ ಬರೆದವರು ಇದನ್ನೇ ಹೇಳಿದ್ದು. ಗೌಡನ ಜಗಲಿಯ ಕೆಳಗೆ ನಿಂತು ಬೈಗುಳ ನುಂಗಿಕೊಂಡವನಿಗೆ ಒಂದು ಸೇರು ರಾಗಿ, ತಲೆ ಎತ್ತಿದವನಿಗೆ ಬಹಿಷ್ಕಾರ. ಬಾಯಿ ಮುಚ್ಚಿಕೊಂಡವನೇ ಒಳ್ಳೆಯವನು ಅನ್ನುವ ಈ ಧರ್ಮ ಹಾಲಿವುಡ್‌ನಲ್ಲಿ ಪಿಯಾನೋ ಸದ್ದಿನ ಜೊತೆ ಬಂದ ಮಾತ್ರಕ್ಕೆ ಬೇರೆಯಾಗುತ್ತದೆಯೆ?

ಇನ್ನೊಂದು ಪ್ರಶ್ನೆ. ಸತ್ತವರ ಮನೆಯವರು ಎಲ್ಲಿ? ಅವರ ಹೆಸರುಗಳನ್ನು ಟಿಮ್ ಬಾಯಿಪಾಠ ಮಾಡಿಕೊಂಡಿದ್ದಾನೆ, ಸಂಕಟದಿಂದ ಕೂಗುತ್ತಾನೆ. ಆದರೆ ಕೊಡುವುದೆಲ್ಲ ಬೇರೆಯವರಿಗೆ. ಅನ್ಯಾಯಕ್ಕೊಳಗಾದವರ ಬಾಗಿಲಿಗೆ ಹೋಗಿ ‘ನನ್ನಿಂದ ಏನಾಗಬೇಕು’ ಎಂದು ಕೇಳುವುದಿಲ್ಲ. ಅಪರಾಧಿಯೂ ಅವನೇ, ನ್ಯಾಯಾಧೀಶನೂ ಅವನೇ, ಹುತಾತ್ಮನೂ ಅವನೇ. ನೊಂದವರಿಗೆ ಕತೆಯಲ್ಲಿ ಒಂದು ಮಾತೂ ಇಲ್ಲ.

ಏಳು ಹೆಣ ಅಂದರೆ ನಮಗೆ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಆ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಅದು ಕೈತಪ್ಪಿ ಆದ ಅಪಘಾತವಲ್ಲ. ಸಾಕ್ಷಿಗಳು ಮಾತು ತಿರುಗಿಸಿ, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಆ ತೀರ್ಪನ್ನೇ ಎತ್ತಿಹಿಡಿಯಿತು. ಅದೇ ಸೀಮೆಯಲ್ಲಿ ಬಾಳುವೆ ಮಾಡಬೇಕಾದವರು ಮಾತು ಯಾಕೆ ತಿರುಗಿಸಿದರೆಂದು ಕೇಳಬೇಕೆ? ಸುಟ್ಟವರ ಪಶ್ಚಾತ್ತಾಪವನ್ನಾಗಲಿ ಕಿಡ್ನಿಯನ್ನಾಗಲಿ ಆ ಜನ ಕೇಳಲಿಲ್ಲ ಸ್ವಾಮಿ, ನ್ಯಾಯ ಕೇಳಿದರು. ಅದೊಂದು ಸಿಕ್ಕಲಿಲ್ಲ.

ಇನ್ನು ಅಂಗಾಂಗದ ಮಾತು. ಚೆನ್ನೈನ ವಿಲ್ಲಿವಾಕ್ಕಂಗೆ ಜನ ‘ಕಿಡ್ನಿವಾಕ್ಕಂ’ ಅಂತಲೇ ಹೆಸರಿಟ್ಟಿದ್ದರು. ಚೆನ್ನೈನಲ್ಲಿ ಕಿಡ್ನಿ ಮಾರಿದ್ದ 305 ಜನರನ್ನು ಮಾತಾಡಿಸಿದ ಅಧ್ಯಯನವೊಂದು 2002ರಲ್ಲಿ ಅಮೆರಿಕದ ವೈದ್ಯಪತ್ರಿಕೆ ‘ಜಾಮಾ’ದಲ್ಲಿ ಬಂತು. ನೂರಕ್ಕೆ 96 ಜನ ಮಾರಿದ್ದು ಸಾಲ ತೀರಿಸಲು. ಮಾರಿದವರಲ್ಲಿ ಹೆಚ್ಚಿನವರು ಹೆಂಗಸರು. ಸಾಲ ತೀರಿತೆ? ಮನೆಯ ವರಮಾನವೇ ಮೂರರಲ್ಲೊಂದು ಪಾಲು ಇಳಿದಿತ್ತು. 1994ರ ಕಾಯ್ದೆ ಅಂಗಾಂಗ ಮಾರಾಟವನ್ನು ಅಪರಾಧವೆಂದಿತು, ಸಾಲವನ್ನು ಹುಟ್ಟಿಸುವ ವ್ಯವಸ್ಥೆಯನ್ನು ಯಾರೂ ಅಪರಾಧವೆನ್ನಲಿಲ್ಲ. ಉಳ್ಳವನು ಮೈ ಕೊಯ್ದು ಕೊಟ್ಟರೆ ತ್ಯಾಗ, ಇಲ್ಲದವಳು ಕೊಯ್ದು ಕೊಟ್ಟರೆ ದಂಧೆ.

ಎಮಿಲಿಯೂ ಸಾಲಗಾತಿಯೇ. ಕಾಯಿಲೆ ಒಂದು ಕಡೆ, ತೆರಿಗೆ ಬಾಕಿ ಒಂದು ಕಡೆ. ಚಿತ್ರ ಬಂದ ವರ್ಷ ಅಮೆರಿಕದಲ್ಲಿ 4 ಕೋಟಿಗೂ ಹೆಚ್ಚು ಜನರಿಗೆ ಆರೋಗ್ಯ ವಿಮೆಯೇ ಇರಲಿಲ್ಲ. ಅಷ್ಟು ಸಿರಿವಂತ ದೇಶದಲ್ಲಿ ರೋಗಿ ಸಾಲಗಾರನಾಗುವುದು ಯಾಕೆ ಅಂತ ಸಿನಿಮಾ ಅಪ್ಪಿತಪ್ಪಿಯೂ ಕೇಳುವುದಿಲ್ಲ. ಒಬ್ಬ ಪುಣ್ಯಾತ್ಮ ಬಂದ, ಒಬ್ಬಳು ಉಳಿದಳು, ಮುಗಿಯಿತು. ಮಿಕ್ಕವರು ಅವರವರ ಪುಣ್ಯಾತ್ಮನಿಗಾಗಿ ಕಾಯಬೇಕು.

ತ್ಯಾಗದ ಕತೆ ಯಾರು ಹೇಳಿದರೂ ಲಾಭ ಯಾರಿಗೆ ಎಂದು ಮೊದಲು ಕೇಳೋಣ. ಏಕಲವ್ಯನ ಬೆರಳು ಹೋಯಿತು, ಬಿಲ್ವಿದ್ಯೆಯಲ್ಲಿ ಎದುರಾಳಿ ಇಲ್ಲದಂತಾದದ್ದು ಅರ್ಜುನನಿಗೆ. ಕೆರೆಗೆ ಹಾರವಾದವಳು ಮನೆಯ ಸೊಸೆ, ನೀರು ಊರಿಗೆ. ಮಲದ ಗುಂಡಿಗೆ ಇಳಿದು ಸಾಯುವವನು ಇವತ್ತೂ ನಮ್ಮ ಕೇರಿಯವನೇ, 1993 ಮತ್ತು 2013ರ ಎರಡೆರಡು ಕಾಯ್ದೆ ಬಂದ ಮೇಲೂ. ಅವನ ಸಾವಿಗೆ ಪಿಯಾನೋ ಬಾರಿಸುವವರಿಲ್ಲ.

ಮೇಷ್ಟ್ರುಗಳೇ, ಏಕಲವ್ಯನ ಪಾಠ ಬಂದಾಗ ಗುರುಭಕ್ತಿ ಎಂದು ಬರೆಸಿ ಮುಗಿಸಬೇಡಿ. ‘ಬೆರಳು ಕೇಳಿದ್ದು ಸರಿಯಾ ಸಾರ್?’ ಅಂತ ಒಂದು ಮಗುವಾದರೂ ಎದ್ದು ಕೇಳುವ ಹಾಗೆ ಪಾಠ ಮಾಡಿ. ಕರುಣೆ ಕೊಡುವವನ ಮರ್ಜಿ. ಹಕ್ಕು ಹಾಗಲ್ಲ, ಅದನ್ನು ಕೇಳುವುದಕ್ಕೆ ಯಾರ ಕೈಯಲ್ಲೂ ಒಳ್ಳೆಯವನೆಂದು ಚೀಟಿ ಬರೆಸಿಕೊಳ್ಳಬೇಕಾಗಿಲ್ಲ.