ಕಪ್ಪತಗುಡ್ಡ: ಬೇಸಿಗೆಯಲ್ಲಿ ಬೋಳಾದ ಕಾಡು ಸತ್ತ ಕಾಡೇ?

ರೋಣ, ನರಗುಂದ, ಗಜೇಂದ್ರಗಡದ ಕಡೆಯವರಿಗೆ ಕಾಡು ನೋಡಬೇಕೆನಿಸಿದರೆ ನೆನಪಾಗುವುದು ದಾಂಡೇಲಿ, ಇಲ್ಲವೇ ಯಲ್ಲಾಪುರ. ಎರೆಹೊಲದ ಬಯಲುಸೀಮೆಯಲ್ಲಿ ಕಾಡೆಲ್ಲಿಂದ ಬರಬೇಕು? ಆದರೆ ಇದೇ ಗದಗ ಜಿಲ್ಲೆಯಲ್ಲಿ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಸಾಲಾಗಿ ಹಬ್ಬಿರುವ ಕಪ್ಪತಗುಡ್ಡವಿದೆ. ಅದರ 244 ಚದರ ಕಿ.ಮೀ. ಪ್ರದೇಶ 2019ರಿಂದ ವನ್ಯಜೀವಿಧಾಮ. ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿಗೆ ಹೋದವರು ಮಾತ್ರ "ಇದೆಂಥಾ ಕಾಡು, ಬರೀ ಕುರುಚಲು" ಎಂದುಕೊಂಡು ಮರಳುತ್ತಾರೆ.

ಗಿಡಗಳು ಒಣಗಿ ಸತ್ತಿರುವುದಿಲ್ಲ. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಮಾತ್ರ. ಅದರಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ನೊಳಗೆ ಸುರಿದು ಮುಗಿಯುತ್ತದೆ. ಎಲೆಯೆಂದರೆ ನೀರು ಆವಿಯಾಗುವ ಬಾಗಿಲು. ನೆಲದಲ್ಲಿ ನೀರಿಲ್ಲದಾಗ ಆ ಬಾಗಿಲನ್ನೇ ಕಿತ್ತು ಹಾಕುವುದು ಮರಕ್ಕೆ ಲಾಭ. ಉದುರಿಸುವ ಮುನ್ನ ಎಲೆಯಲ್ಲಿರುವ ಸಾರಜನಕ, ರಂಜಕಗಳಲ್ಲಿ ಒಂದಷ್ಟನ್ನು ಮರ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಲೆ ಹಳದಿಯಾಗುವುದು ಅದಕ್ಕೇ. ಹುಲ್ಲೂ ಹಾಗೆಯೇ, ಮೇಲೆ ಒಣಗಿದ್ದರೂ ಬುಡದಲ್ಲಿ ಜೀವ ಹಿಡಿದಿರುತ್ತದೆ. ನಿಮ್ಮ ಹೊಲದ ಬದುವಿನಲ್ಲಿ ಮುತ್ತುಗದ ಗಿಡವಿದ್ದರೆ ಬೇಸಿಗೆಯ ಆರಂಭದಲ್ಲಿ ನೋಡಿ: ಒಂದೂ ಎಲೆಯಿಲ್ಲದ ಕೊಂಬೆಗಳ ತುಂಬ ಕೆಂಪು ಹೂವು. ಸತ್ತ ಗಿಡ ಹೂ ಬಿಡುತ್ತದೆಯೇ?

ಕಾಡು ಸತ್ತಿದೆ ಎಂಬ ತಪ್ಪು ತಿಳಿವಳಿಕೆಯಿಂದ ಕಾಡಿಗೆ ನಿಜವಾದ ಪೆಟ್ಟು ಬೀಳುತ್ತದೆ. ಒಣಹುಲ್ಲಿಗೆ ಬೆಂಕಿ ಹಚ್ಚಿದರೆ ಮುಂದಿನ ಮಳೆಗೆ ಹುಲ್ಲು ಸೊಗಸಾಗಿ ಬರುತ್ತದೆ ಎಂಬ ನಂಬಿಕೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಅರ್ಧ ಸತ್ಯವಿದೆ. ಬೂದಿಯಲ್ಲಿರುವ ಪೊಟ್ಯಾಶ್, ಸುಣ್ಣದ ಅಂಶಗಳಿಂದ ಚಿಗುರು ಬೇಗ ಬರುತ್ತದೆ. ಆದರೆ ಹುಲ್ಲಿನಲ್ಲಿದ್ದ ಸಾರಜನಕದ ಬಹುಭಾಗ ಹೊಗೆಯ ಜೊತೆ ಹೋಗುತ್ತದೆ. ನೆಲ ಬೆತ್ತಲಾದ್ದರಿಂದ ಗುಡ್ಡದ ಇಳಿಜಾರಿನಲ್ಲಿ ಮೊದಲ ದೊಡ್ಡ ಮಳೆಗೇ ಬೂದಿಯ ಜೊತೆ ಮಣ್ಣೂ ಕೊಚ್ಚಿ ಹೋಗುತ್ತದೆ. ಎಳೆಯ ಸಸಿಗಳು, ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳ ಮೊಟ್ಟೆಗಳು ಸುಟ್ಟು ಹೋಗುತ್ತವೆ. ಪ್ರತಿ ವರ್ಷ ಹೀಗಾದರೆ ಹೊಸ ಮರ ಬೆಳೆಯುವುದೇ ಇಲ್ಲ.

ಬೀಜದುಂಡೆ ಎಸೆಯುವವರ ಉದ್ದೇಶ ಒಳ್ಳೆಯದು, ಅನುಮಾನವಿಲ್ಲ. ಆದರೆ ಬೋಳು ಕಂಡಲ್ಲೆಲ್ಲ ಮರ ಬೆಳೆಸಬೇಕೆಂಬ ಹಟ ಇಲ್ಲಿ ಸಲ್ಲದು. ಕಪ್ಪತಗುಡ್ಡದ ತೋಳ, ಕತ್ತೆಕಿರುಬಗಳಿಗೆ ದಟ್ಟ ಮರಗಳ ಕಾಡು ಬೇಕಿಲ್ಲ. ಹುಲ್ಲುಗಾವಲು, ಕುರುಚಲು, ಕಲ್ಲುಪೊಟರೆಗಳೇ ಅವುಗಳ ಮನೆ. ಮರ ಕಡಿಮೆ ಇರುವ ನೆಲವೆಲ್ಲ ಪಾಳು ಎಂಬ ದೃಷ್ಟಿ ಜನಸಾಮಾನ್ಯರದಷ್ಟೇ ಅಲ್ಲ. ಭಾರತ ಸರ್ಕಾರದ ಪಾಳುಭೂಮಿ ನಕ್ಷೆಗಳಲ್ಲೂ ಕುರುಚಲು ಭೂಮಿ ಒಂದು ವರ್ಗವಾಗಿದೆ. ಪಾಳು ಎಂದ ಮೇಲೆ ಗಣಿಗೆ ಕೊಟ್ಟರೇನು ಎಂಬ ಪ್ರಶ್ನೆ ಸುಲಭವಾಗಿ ಏಳುತ್ತದೆ.

ಈ ಗುಡ್ಡದಲ್ಲಿ ಚಿನ್ನವಿದೆ, ಕಬ್ಬಿಣ, ಮ್ಯಾಂಗನೀಸ್ ಅದಿರೂ ಇದೆ. 2015ರ ಕೊನೆಗೆ ಇದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರ್ಕಾರ ಮರುವರ್ಷವೇ ಆದೇಶ ಹಿಂಪಡೆಯಿತು. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಆ ಸ್ಥಾನ ಮರಳಿತು. ವನ್ಯಜೀವಿಧಾಮವಾದದ್ದು ಅದಾಗಿ ಎರಡು ವರ್ಷಕ್ಕೆ. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ, 2018ರಲ್ಲೇ ತೀರಿಕೊಂಡಿದ್ದರು.

ಇನ್ನು "ಕಪ್ಪತಗುಡ್ಡದ ಗಾಳಿ ಕುಡಿದರೆ ರೋಗ ವಾಸಿ" ಎಂಬ ಮಾತು. ಔಷಧಿ ಸಸ್ಯಗಳು ಅಲ್ಲಿ ಹೇರಳವಾಗಿರುವುದು ನಿಜ. ಊರಿನ ಹೊಗೆ, ದೂಳಿನಿಂದ ದೂರ ಹೋದರೆ ಉಸಿರಾಟ ಹಗುರವಾಗುವುದೂ ನಿಜ. ಆದರೆ ಬೇರಿನಲ್ಲೋ ತೊಗಟೆಯಲ್ಲೋ ಇರುವ ಔಷಧಿ ಗುಣ ಗಾಳಿಯಲ್ಲಿ ತೇಲಿ ಬಂದು ದೇಹ ಸೇರುವುದಿಲ್ಲ. ಬದಲಿಗೆ ಹುಲ್ಲು ಹೂಬಿಡುವ ಕಾಲದಲ್ಲಿ ಪರಾಗದಿಂದ ಕೆಲವು ಅಸ್ತಮಾ ರೋಗಿಗಳಿಗೆ ಉಬ್ಬಸ ಹೆಚ್ಚಬಹುದು. ಇನ್‌ಹೇಲರ್ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಹಾಗೆಂದು ಮನೆಮದ್ದಿಗೆ ಒಂದೆರಡು ಬೇರು ಕಿತ್ತು ತರಬಹುದೇ? ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಂ ಪ್ರಕಾರ ವನ್ಯಜೀವಿಧಾಮದಿಂದ ಅನುಮತಿಯಿಲ್ಲದೆ ಅರಣ್ಯ ಉತ್ಪನ್ನ ಒಯ್ಯುವುದು ಅಪರಾಧ. 30ನೇ ಕಲಂ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ. ಕಾನೂನಿನ ಮಾತು ಬಿಟ್ಟರೂ ಲೆಕ್ಕ ಸರಳ: ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ, ಬೇರು ಕಿತ್ತರೆ ಸಾಮಾನ್ಯವಾಗಿ ಗಿಡವೇ ಹೋಯಿತು. ಸಾರ್ವಜನಿಕ ರಸ್ತೆ ಬಿಟ್ಟು ಒಳಗೆ ಸುತ್ತಾಡಬೇಕಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮೊದಲೇ ವಿಚಾರಿಸಿಕೊಳ್ಳಿ.

ಹೋಗುವುದಾದರೆ ಆಗಸ್ಟ್‌ನಿಂದ ನವೆಂಬರ್‌ನೊಳಗೆ ಹೋಗಿ, ಗುಡ್ಡ ಹಸಿರಾಗಿರುತ್ತದೆ. ಸಾಧ್ಯವಾದರೆ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಅದೇ ದಾರಿಯಲ್ಲಿ ಹೋಗಿ ಬನ್ನಿ.